ಮೊದಲು ಪರಿಮಳ, ಆಮೇಲೆ ಸೀರೆ

ಮದುವೆಗೆ ಹೊರಡುವ ದಿನ ನಮ್ಮ ಮನೆಗಳಲ್ಲಿ ಅಲಂಕಾರ ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಸ್ನಾನ, ತಲೆ ಬಾಚುವುದು, ಸೀರೆ ಉಡುವುದು, ಒಡವೆ, ಹೂವು. ಆಟೋ ಬಂದು ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿರುವಾಗ ಕಟ್ಟಕಡೆಯದಾಗಿ ಸೆಂಟಿನ ಬಾಟಲಿ ಕೈಗೆ ಬರುತ್ತದೆ. ಹೆಗಲ ಮೇಲೊಮ್ಮೆ, ಸೆರಗಿನ ಮೇಲೊಮ್ಮೆ ಹೊಡೆದುಕೊಂಡರೆ ಅಲಂಕಾರ ಮುಗಿಯಿತು. ಗಂಡಸರದೂ ಇದೇ ಪದ್ಧತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಶಲ್ಯ ಸರಿಮಾಡಿಕೊಂಡ ಮೇಲೆ ಎದೆಯ ಮೇಲೆ ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಈ ಕ್ರಮವನ್ನು ಬದಲಾಯಿಸಿಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ. ಪರಿಮಳ ಮೊದಲು, ಬಟ್ಟೆ ಆಮೇಲೆ.

ಜವಳಿ ವಿಜ್ಞಾನದ ಪಾಠ ಹೇಳುವುದು ನನ್ನ ಕೆಲಸ. ಬಟ್ಟೆಯ ಪಾಠ ಹೇಳುವವರ ಹತ್ತಿರ ಜನ ತಮ್ಮ ಬಟ್ಟೆಗಳ ಸಂಕಟವನ್ನೂ ಹೊತ್ತು ತರುತ್ತಾರೆ. ಒಬ್ಬ ಹೆಣ್ಣುಮಗಳು ತಾಯಿಯ ಕಾಲದ ಗಿಳಿಹಸಿರು ಬಣ್ಣದ ಮೈಸೂರು ರೇಷ್ಮೆ ಸೀರೆಯನ್ನು ತಂದಿದ್ದರು. ಮಡಿಸಿಟ್ಟಾಗ ಏನೂ ಕಾಣುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಬಿಡಿಸಿ ಹಿಡಿದಾಗ, ಸೆರಗು ಎಡ ಹೆಗಲ ಮೇಲೆ ಕೂರುವ ಜಾಗದಲ್ಲಿ ಒಂದು ಉಂಗುರ ಕಾಣಿಸಿತು. ಒಳಗಡೆ ಬಣ್ಣ ತುಸು ಪೇಲವ, ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಕಡುಹಸಿರು ಗೆರೆ, ನಟ್ಟನಡುವೆ ಹಳದಿಗೆ ತಿರುಗಿದ ಒಂದು ಮಚ್ಚೆ. ಅದರ ಸುತ್ತ ಅಂಥವೇ ಸಣ್ಣ ಸಣ್ಣ ಚುಕ್ಕೆಗಳು. "ಮೇಡಂ, ಈ ಸೀರೆ ಮೇಲೆ ಏನೂ ಚೆಲ್ಲಿಲ್ಲ. ಕಾಫಿ ಕೂಡ ಬಿದ್ದಿಲ್ಲ" ಎಂದರು. "ಸೆಂಟ್ ಹಾಕ್ಕೋತೀರಾ?" ಎಂದು ಕೇಳಿದೆ. "ಹಾಕ್ಕೋತೀನಿ. ಆದ್ರೆ ಅದು ನೀರಿನ ಥರ ಇರುತ್ತಲ್ಲ ಮೇಡಂ, ತಕ್ಷಣ ಆರಿಹೋಗುತ್ತೆ."

ಆರಿಹೋಗುತ್ತದೆ ಎಂಬ ಈ ನಂಬಿಕೆಯೇ ನಮ್ಮ ಬಟ್ಟೆಗಳಿಗೆ ಮುಳುವಾಗಿರುವುದು. ಬಾಟಲಿಯಲ್ಲಿರುವ ದ್ರವದ ಹೆಚ್ಚಿನ ಪಾಲು ಮದ್ಯಸಾರ, ಅಂದರೆ ಆಲ್ಕೋಹಾಲ್. ಅದರಲ್ಲಿ ಪರಿಮಳದ ಎಣ್ಣೆಗಳನ್ನು ಕರಗಿಸಿರುತ್ತಾರೆ. ಕೊಲೋನ್ ಎಂದು ಮಾರುವ ತೆಳು ಸುಗಂಧದಲ್ಲಿ ಎಣ್ಣೆಯ ಪಾಲು ನೂರಕ್ಕೆ 2ರಿಂದ 4ರಷ್ಟು, ಓ ದ ತ್ವಾಲೆತ್ ಎಂಬುದರಲ್ಲಿ ಸುಮಾರು 5ರಿಂದ 15, ಓ ದ ಪರ್ಫಮ್ ಎಂಬ ಗಟ್ಟಿ ಬಗೆಯಲ್ಲಿ ಸುಮಾರು 15ರಿಂದ 20. ಆರಿಹೋಗುವುದು ಮದ್ಯಸಾರ ಮತ್ತು ಅದರ ಜೊತೆಗಿರುವ ಸ್ವಲ್ಪ ನೀರು. ಎಣ್ಣೆ ಅಷ್ಟು ಬೇಗ ಹೋಗುವುದಿಲ್ಲ. ಅದು ಬಟ್ಟೆಯಲ್ಲಿ ಉಳಿದುಕೊಳ್ಳುವುದರಿಂದಲೇ ಸಂಜೆಯವರೆಗೂ ಘಮ ಇರುತ್ತದೆ. ನಿಮಗೆ ಸಂಶಯವಿದ್ದರೆ ಮನೆಯಲ್ಲೇ ನೋಡಬಹುದು. ಒಂದು ಬಿಳಿ ಕಾಗದದ ಮೇಲೆ ನಿಮ್ಮ ಸೆಂಟನ್ನು ಹತ್ತಿರದಿಂದ ಒಂದು ಸಲ ಹೊಡೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಬೆಳಕಿಗೆ ಹಿಡಿಯಿರಿ. ಕೆಲವು ಸೆಂಟುಗಳು ಗುರುತನ್ನೇ ಬಿಡುವುದಿಲ್ಲ. ಕೆಲವು ಬೋಂಡ ಇಟ್ಟ ಕಾಗದದ ಹಾಗೆ ಜಿಡ್ಡಿನ ಕಲೆ ಬಿಟ್ಟಿರುತ್ತವೆ. ಇನ್ನು ಕೆಲವು ಹಳದಿಯೋ ನೀಲಿಯೋ ಬಣ್ಣವನ್ನೇ ಬಿಟ್ಟಿರುತ್ತವೆ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿ ಇರುತ್ತದಲ್ಲ, ಅದರ ಕೊನೆಗೆ ಸಿ.ಐ. ಎಂದು ಬರೆದು ಮುಂದೆ ಐದಂಕಿಯ ಸಂಖ್ಯೆ ಕೊಟ್ಟಿದ್ದರೆ ಆ ಸೆಂಟಿಗೆ ಬಣ್ಣ ಬೆರೆಸಿದ್ದಾರೆ ಎಂದೇ ಅರ್ಥ. ಅಂಥದ್ದು ತಿಳಿಬಣ್ಣದ ಬಟ್ಟೆಯ ಹತ್ತಿರವೂ ಸುಳಿಯಬಾರದು.

ರೇಷ್ಮೆಯ ಮೇಲೆ ಒಂದು ಹನಿ ಬಿದ್ದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮದ್ಯಸಾರ ರೇಷ್ಮೆಯ ಎಳೆಯನ್ನು ಕರಗಿಸುವುದಿಲ್ಲ. ಅದು ಕೈಹಾಕುವುದು ಬಣ್ಣಕ್ಕೆ. ಬಣ್ಣ ಕಟ್ಟುವಾಗ ಎಳೆಗೆ ಸರಿಯಾಗಿ ಹಿಡಿಯದೆ ಮೇಲುಮೇಲೆ ಉಳಿದ ಬಣ್ಣ ಎಲ್ಲ ಗಾಢ ಬಣ್ಣದ ಬಟ್ಟೆಗಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ನೇಯ್ದ ಮೇಲೆ ಹೊಳಪಿಗೆ, ಬಿಗುವಿಗೆ ಕೊಟ್ಟ ಮೆರುಗೂ ಇರುತ್ತದೆ. ಹನಿ ಬಿದ್ದ ಕೂಡಲೇ ಎಳೆಗಳ ಸಂದಿಯಲ್ಲಿ ನಾಲ್ಕೂ ಕಡೆಗೆ ಹರಡುತ್ತದೆ. ಹರಡುತ್ತ ಈ ಸಡಿಲ ಬಣ್ಣವನ್ನೂ ಮೆರುಗನ್ನೂ ಜೊತೆಗೆ ಒಯ್ಯುತ್ತದೆ. ಅಂಚಿಗೆ ಬಂದಲ್ಲಿ ಬೇಗ ಆರುತ್ತದೆ. ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಆ ಹೆಣ್ಣುಮಗಳ ಸೀರೆಯಲ್ಲಿ ಕಂಡ ಕಡುಹಸಿರು ಗೆರೆ ಬೇರೇನೂ ಅಲ್ಲ, ಸೀರೆಯದೇ ಬಣ್ಣ. ನಡುವಿನಿಂದ ಎದ್ದು ಅಂಚಿಗೆ ಹೋಗಿ ಕೂತಿತ್ತು. ಕಲೆಯನ್ನು ತೆಗೆಯಬಹುದು, ಜಾಗ ಬಿಟ್ಟ ಬಣ್ಣವನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು ಕೂರಿಸುವುದು ಆಗದ ಮಾತು. ಅದನ್ನು ಆಕೆಗೆ ಹೇಳುವುದು ನನಗೆ ಕಷ್ಟವಾಯಿತು.

ನಡುವಿನ ಹಳದಿ ಮಚ್ಚೆಯ ಕಥೆ ಬೇರೆ. ಅದು ನಿಧಾನದ ಕೆಲಸ. ಎಳೆಯೊಳಗೆ ಕೂತ ಪರಿಮಳದ ಎಣ್ಣೆ ಮೊದಲ ದಿನ ಕಣ್ಣಿಗೆ ಕಾಣುವುದಿಲ್ಲ. ಸೀರೆಯನ್ನು ಮಡಿಸಿ ಬೀರುವಿನಲ್ಲಿಡುತ್ತೇವೆ. ತಿಂಗಳುಗಳು ಕಳೆದಂತೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಎಣ್ಣೆ ಹಳದಿಯಾಗುತ್ತದೆ, ಆಮೇಲೆ ಕಂದುಗಟ್ಟುತ್ತದೆ. ವೆನಿಲಾ ಇರುವ ಸೆಂಟುಗಳಲ್ಲಿ ಇದು ಎದ್ದು ಕಾಣುತ್ತದೆ. ವೆನಿಲಾದ ಘಮಕ್ಕೆ ಕಾರಣವಾದ ವೆನಿಲಿನ್ ಎಂಬ ವಸ್ತು ಗಾಳಿ ಬೆಳಕಿಗೆ ಕಂದಾಗುವ ಗುಣದ್ದು. ವೆನಿಲಾ ಹಾಕಿದ ಬಿಳಿ ಸಾಬೂನು ಕೂಡ ಕೆಲವು ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಮಲ್ಲಿಗೆ, ಕಿತ್ತಳೆ ಹೂವಿನ ಪರಿಮಳದ ಸೆಂಟುಗಳಲ್ಲೂ ಹೀಗೆ ಬಣ್ಣ ತಿರುಗುವ ಅಂಶಗಳಿವೆ. ಸೆಂಟು ಬಿದ್ದ ಬಟ್ಟೆಯನ್ನು ಒಗೆಯದೆ ಇಸ್ತ್ರಿ ಮಾಡಿದರಂತೂ ಮುಗಿದೇ ಹೋಯಿತು. ಬಿಸಿಗೆ ಆ ಕಲೆ ಎಳೆಯನ್ನು ಕಚ್ಚಿಕೊಂಡು ಕೂರುತ್ತದೆ. ಒಮ್ಮೆ ಉಟ್ಟ ರೇಷ್ಮೆ ಸೀರೆಯನ್ನು ಬರೀ ಇಸ್ತ್ರಿ ಹೊಡೆಸಿ ಎತ್ತಿಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದನ್ನು ಬಿಡಲೇಬೇಕು.

ಇನ್ನು ಜರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. ಅದಕ್ಕೆ ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಅಲ್ಲಿ ಇಂದಿಗೂ ನೇಯುವ ಸೀರೆಗಳ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ ಇರುತ್ತದೆ, ಚಿನ್ನ 0.65 ಪಾಲು. ರೇಷ್ಮೆ ದಾರಕ್ಕೆ ಬೆಳ್ಳಿಯ ತೆಳು ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಲೇಪ ಎಷ್ಟು ತೆಳುವೆಂಬುದನ್ನು ಈ ಅಂಕಿಯಲ್ಲೇ ಊಹಿಸಿಕೊಳ್ಳಿ. ಅದು ಸವೆದಲ್ಲೆಲ್ಲ ಬೆಳ್ಳಿ ಗಾಳಿಗೆ ಒಡ್ಡಿಕೊಂಡು ಕಪ್ಪಾಗುತ್ತದೆ. ಸೆಂಟಿನ ಜಿಡ್ಡು ಜರಿಯ ಸುತ್ತುಗಳ ನಡುವೆ ಇಳಿದರೆ ಧೂಳನ್ನೂ ಬೆವರನ್ನೂ ಹಿಡಿದಿಟ್ಟುಕೊಂಡು ಹೊಳಪನ್ನು ತಿನ್ನುತ್ತದೆ. ಸೆರಗಿನ ಜರಿ ಇಡೀ ಸೀರೆಯಲ್ಲೇ ದಟ್ಟವಾದದ್ದು, ಬೆಲೆಬಾಳುವಂಥದ್ದು. ನಾವು ಸೆಂಟು ಹೊಡೆಯುವುದು ಸರಿಯಾಗಿ ಅಲ್ಲಿಗೇ!

ಸೆಂಟಿನ ಮಾತು ಬಂದಾಗ ಡಿಯೋವನ್ನು ಬಿಡುವಂತಿಲ್ಲ. ಬೆವರು ತಡೆಯುವ ಡಿಯೋಗಳಲ್ಲಿ ಅಲ್ಯೂಮಿನಿಯಂ ಲವಣಗಳಿರುತ್ತವೆ. ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಲೆ ಬರುವುದು ಬೆವರೊಂದರಿಂದಲೇ ಅಲ್ಲ, ಬೆವರು ಮತ್ತು ಈ ಲವಣ ಎರಡೂ ಕೂಡಿ. ಆ ಕಲೆ ಕಂಡ ತಕ್ಷಣ ನಾವು ಬ್ಲೀಚಿಂಗ್ ಹಾಕುತ್ತೇವೆ. ಕ್ಲೋರಿನ್ ಬ್ಲೀಚಿಗೆ ಅದು ಹೋಗುವುದಿಲ್ಲ, ಇನ್ನೂ ಗಾಢವಾಗುತ್ತದೆ. ರೇಷ್ಮೆ ರವಿಕೆಯಲ್ಲಿ ಈ ಲವಣದ ಹಾನಿ ಇನ್ನೂ ದೊಡ್ಡದು, ಎಳೆಯೇ ಶಕ್ತಿ ಕಳೆದುಕೊಳ್ಳುತ್ತದೆ. ಸೀರೆ ಹೊಸದರಂತಿದ್ದು ರವಿಕೆ ಮಾತ್ರ ಕಂಕುಳಲ್ಲಿ ಪಿಸಿದುಹೋಗುವುದನ್ನು ಎಲ್ಲ ಮನೆಗಳಲ್ಲೂ ನೋಡುತ್ತೇವೆ, ದರ್ಜಿಯ ಹೊಲಿಗೆ ಸರಿಯಿಲ್ಲ ಎಂದು ಬೈಯುತ್ತೇವೆ. ಪಾಪ, ಬಹಳ ಸಲ ಅವನದ್ದೇನೂ ತಪ್ಪಿರುವುದಿಲ್ಲ. ಡಿಯೋ ಹಚ್ಚಿದ ಮೇಲೆ ಅದು ಪೂರ್ತಿ ಒಣಗುವವರೆಗೂ ರವಿಕೆ ತೊಡಬೇಡಿ. ರವಿಕೆ ಹೊಲಿಸುವಾಗಲೇ ಹತ್ತಿ ಬಟ್ಟೆಯ ಲೈನಿಂಗ್ ಹಾಕಿಸಿ, ಕಂಕುಳಿಗೆ ಬಿಚ್ಚಿ ಒಗೆಯಬಹುದಾದ ಪ್ಯಾಡ್ ಇಡಿಸಿ. ಖರ್ಚು ಹೆಚ್ಚಾಗುವುದಿಲ್ಲ, ರವಿಕೆಯ ಆಯಸ್ಸು ಹೆಚ್ಚುತ್ತದೆ.

ಹಾಗಾದರೆ ಅತ್ತರು ಒಳ್ಳೆಯದಲ್ಲವೇ, ಅದರಲ್ಲಿ ಮದ್ಯಸಾರ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಅತ್ತರಿನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಗಳಲ್ಲಿ ಗುಲಾಬಿ, ಮಲ್ಲಿಗೆ, ಕೇದಗೆಗಳನ್ನು ನೀರಿನೊಂದಿಗೆ ಬೇಯಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಇಳಿಸಿ, ಗಂಧದೆಣ್ಣೆ ತುಂಬಿದ ಪಾತ್ರೆಯಲ್ಲಿ ಪರಿಮಳವನ್ನು ಹಿಡಿಯುತ್ತಾರೆ. ಈಗ ಅಗ್ಗದ ಅತ್ತರಿಗೆ ಗಂಧದೆಣ್ಣೆಯ ಬದಲು ಬೇರೆ ದ್ರವಗಳನ್ನು ಬಳಸುವುದೂ ಇದೆ. ಕನೌಜಿನ ಅತ್ತರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗಂಧದೆಣ್ಣೆ ಎಂದ ಕೂಡಲೇ ನಮ್ಮ ಮೈಸೂರು ನೆನಪಾಗಬೇಕು. ಮೊದಲನೇ ಮಹಾಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು ಮೈಸೂರು ಸಂಸ್ಥಾನ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿತು. ಇಷ್ಟೆಲ್ಲ ಇದ್ದರೂ, ಬಟ್ಟೆಯ ವಿಚಾರಕ್ಕೆ ಬಂದರೆ ಅತ್ತರು ಎಂದರೆ ಎಣ್ಣೆಯೇ. ಅದು ಬಣ್ಣವನ್ನು ಓಡಿಸುವುದಿಲ್ಲ, ನಿಜ. ಆದರೆ ಬಿದ್ದಲ್ಲಿ ಜಿಡ್ಡಿನ ಕಲೆ ಖಂಡಿತ. ಶಮಾಮಾ, ಹೀನಾ ಮುಂತಾದ ಗಾಢ ಅತ್ತರುಗಳಿಗೆ ಅವುಗಳದೇ ಕಂದುಬಣ್ಣವಿರುತ್ತದೆ. ಹಬ್ಬದ ಬಿಳಿ ಜುಬ್ಬಾದ ಮೇಲೆ ಬಿದ್ದರೆ ಹೋಗುವುದು ಕಷ್ಟ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಬೆಂಗಳೂರಿನ ಶಿವಾಜಿನಗರದಲ್ಲಿ ಅತ್ತರು ಮಾರುವವರ ಕೈಯನ್ನು ಗಮನಿಸಿ. ಅವರು ಗಾಜಿನ ಕಡ್ಡಿಯನ್ನು ಶೀಶೆಯಲ್ಲಿ ಅದ್ದಿ, ಅದರ ತುದಿಯನ್ನು ಶೀಶೆಯ ಬಾಯಿಗೆ ಒರೆಸಿ, ನಿಮ್ಮ ಅಂಗೈ ಹಿಂಭಾಗಕ್ಕೆ ಒಂದು ಗೆರೆ ಎಳೆಯುತ್ತಾರೆ. ಸೆರಗನ್ನು ಮುಟ್ಟುವುದಿಲ್ಲ, ತೋಳನ್ನು ಮುಟ್ಟುವುದಿಲ್ಲ. ಹಿಂದಿನ ಕಾಲದ ರಸಿಕರು ಅತ್ತರಿನಲ್ಲಿ ಅದ್ದಿದ ಹತ್ತಿಯ ಸಣ್ಣ ಉಂಡೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಅದೂ ಅಷ್ಟೇ ಜಾಣತನದ ಪದ್ಧತಿ. ಮೈಯ ಬಿಸಿಗೆ ಪರಿಮಳ ಮೆಲ್ಲಗೆ ಏಳುತ್ತದೆ, ಎಣ್ಣೆ ಹತ್ತಿಯಲ್ಲೇ ಉಳಿಯುತ್ತದೆ, ಶೇರ್ವಾನಿಗೂ ಕೋಟಿಗೂ ಒಂದು ಚುಕ್ಕೆ ತಗಲುವುದಿಲ್ಲ. ಅತ್ತರಿನೊಡನೆ ದಿನನಿತ್ಯ ಬದುಕಿದವರಿಗೆ ಬಟ್ಟೆಯನ್ನು ಕಾಪಾಡುವ ಬಗೆಯೂ ಗೊತ್ತಿತ್ತು. ಒತ್ತಿದರೆ ಹಾರುವ ಬಾಟಲಿ ಬಂದ ಮೇಲೆ ನಾವು ಆ ಎಚ್ಚರವನ್ನು ಕಳೆದುಕೊಂಡಿದ್ದೇವೆ.

ಬಟ್ಟೆಗೆ ಹೊಡೆದರೆ ಪರಿಮಳ ಹೆಚ್ಚು ಹೊತ್ತು ಉಳಿಯುತ್ತದೆ ಎಂಬ ಮಾತು ಸುಳ್ಳಲ್ಲ. ಮೈ ಬೆಚ್ಚಗಿರುತ್ತದೆ, ಬೇಗ ಆರುತ್ತದೆ. ಬಟ್ಟೆ ತಣ್ಣಗಿರುತ್ತದೆ, ನಿಧಾನವಾಗಿ ಬಿಡುತ್ತದೆ. ಕೆಲವರ ಚರ್ಮಕ್ಕೆ ಸೆಂಟು ಆಗಿಬರುವುದಿಲ್ಲ. ಹಚ್ಚಿದಲ್ಲಿ ಉರಿ, ತುರಿಕೆ, ಕೆಂಪು ಗಂಧೆ ಏಳುತ್ತದೆ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯಲ್ಲಿ ಬಿಸಿಲಿಗೆ ಚರ್ಮವನ್ನು ಕಪ್ಪಾಗಿಸುವ ಅಂಶವೊಂದಿದೆ. ಅದನ್ನು ತೆಗೆಯದೆ ಬಳಸಿದ ಸೆಂಟು ಕುತ್ತಿಗೆಗೆ ಹಾಕಿಕೊಂಡು ಬಿಸಿಲಲ್ಲಿ ತಿರುಗಿದರೆ ಹನಿ ಇಳಿದ ದಾರಿಯಲ್ಲೇ ಕಪ್ಪು ಪಟ್ಟೆ ಮೂಡುವುದುಂಟು. ಇಂಥವರಿಗೆ ಮೈಗೆ ಹಚ್ಚಿಕೊಳ್ಳಿ ಎಂದರೆ ಹೇಗೆ?

ಅವರಿಗೆ ನಾನು ಹೇಳುವುದು ಇಷ್ಟು. ಬಟ್ಟೆಗೇ ಹಾಕಿಕೊಳ್ಳಿ, ಆದರೆ ಕಾಣದ ಬಟ್ಟೆಗೆ. ಹೆಂಗಸರಿಗೆ ಒಳಲಂಗಕ್ಕಿಂತ ಒಳ್ಳೆಯ ಜಾಗವಿಲ್ಲ. ಅದು ಹತ್ತಿಯದು, ಒಗೆಯುವಂಥದ್ದು, ಕಲೆಯಾದರೂ ಯಾರ ಕಣ್ಣಿಗೂ ಬೀಳದ್ದು. ಒಳಲಂಗವನ್ನು ಹ್ಯಾಂಗರಿಗೆ ತೂಗುಹಾಕಿ, ಕೆಳಗಿನ ಅಂಚಿನ ಸುತ್ತ ಒಂದೆರಡು ಸಲ ಹೊಡೆದು, ಹತ್ತು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಉಡಿ. ನಡೆದಾಡುವಾಗ ಪರಿಮಳ ಕೆಳಗಿನಿಂದ ಮೇಲಕ್ಕೆ ಬರುತ್ತಿರುತ್ತದೆ. ಫಾಲ್ಸಿಗೆ ಹೊಡೆಯಬೇಡಿ. ಅದು ಸೀರೆಗೆ ಅಂಟಿಕೊಂಡೇ ಇರುವುದರಿಂದ ಹಸಿಯಿದ್ದಾಗ ಸೀರೆಗೂ ಇಳಿಯುತ್ತದೆ. ಗಂಡಸರಿಗೆ ಬನಿಯನ್ ಇದ್ದೇ ಇದೆ. ಬನಿಯನ್ನಿಗೆ ಹಾಕಿ, ಒಣಗಿದ ಮೇಲೆ ಅಂಗಿ ತೊಡಿ. ಇದ್ಯಾವುದೂ ಬೇಡವೆಂದರೆ ಹತ್ತಿಯ ಕರವಸ್ತ್ರ ಸಾಕು. ಅದಕ್ಕೆ ಎರಡು ತೊಟ್ಟು ಹಾಕಿ, ಒಣಗಿಸಿ ಜೇಬಿನಲ್ಲೋ ಪರ್ಸಿನಲ್ಲೋ ಇಟ್ಟುಕೊಂಡರೆ ದಿನವೆಲ್ಲ ಇರುತ್ತದೆ.

ಚರ್ಮಕ್ಕೆ ತೊಂದರೆಯಿಲ್ಲದವರು ಸ್ನಾನ ಮಾಡಿ ಮೈ ಒರೆಸಿಕೊಂಡ ಕೂಡಲೇ, ಉಡುವುದಕ್ಕೆ ಮುಂಚೆಯೇ, ಹಚ್ಚಿಕೊಂಡುಬಿಡಿ. ಮಣಿಕಟ್ಟು, ಮೊಣಕೈಯ ಒಳಮಡಿಕೆ, ಕಿವಿಯ ಹಿಂದೆ, ಕುತ್ತಿಗೆಯ ಬುಡ, ಇವು ನಾಡಿ ಮಿಡಿಯುವ ಬೆಚ್ಚಗಿನ ಜಾಗಗಳು, ಪರಿಮಳ ಚೆನ್ನಾಗಿ ಏಳುತ್ತದೆ. ಒಣ ಚರ್ಮದವರು ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳುವಾಗಿ ಸವರಿ ಅದರ ಮೇಲೆ ಹಚ್ಚಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬಾಟಲಿಯನ್ನು ಮೈಯಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತಿರದಿಂದ ಹೊಡೆದರೆ ಒಂದೇ ಕಡೆ ಹನಿಯಾಗಿ ಬೀಳುತ್ತದೆ, ದೂರದಿಂದಾದರೆ ಮಂಜಾಗಿ ಹರಡುತ್ತದೆ. ಸೆಂಟಾದರೆ ಐದು ನಿಮಿಷ, ಅತ್ತರಾದರೆ ಹತ್ತು ನಿಮಿಷ ತಡೆಯಿರಿ. ಆ ಹೊತ್ತಿನಲ್ಲಿ ತಲೆ ಬಾಚಿಕೊಳ್ಳಬಹುದು. ಆಮೇಲೆ ಸೀರೆ, ಅದಾದ ಮೇಲೆ ಒಡವೆ. ಮುತ್ತಿನ ಸರವಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ. ಮುತ್ತು ಕಲ್ಲಲ್ಲ. ಸಿಂಪಿನೊಳಗಿನ ಜೀವಿ ಪದರ ಪದರವಾಗಿ ಕಟ್ಟಿದ ಸುಣ್ಣದ ವಸ್ತು ಅದು. ಸೆಂಟು ಬಿದ್ದು ಬಿದ್ದು ಅದರ ಕಾಂತಿ ಮಂಕಾಗುತ್ತದೆ. ಬಾಡಿ ಸ್ಪ್ರೇಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಮದ್ಯಸಾರದ ಜೊತೆಗೆ ಹೊತ್ತಿಕೊಳ್ಳುವ ಅನಿಲವೂ ಇರುತ್ತದೆ. ದೇವರ ಮನೆಯಲ್ಲಿ ದೀಪ ಉರಿಯುತ್ತಿರುವಾಗ, ಗ್ಯಾಸ್ ಒಲೆಯ ಹತ್ತಿರ, ದಯವಿಟ್ಟು ಬೇಡ. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಎಲ್ಲ ಬಟ್ಟೆಯೂ ಇಷ್ಟೊಂದು ನಾಜೂಕಲ್ಲ. ದಪ್ಪ ಹತ್ತಿ, ಖಾದಿ, ಜೀನ್ಸ್, ಉಣ್ಣೆ ಇವು ಬಣ್ಣವಿಲ್ಲದ ತೆಳು ಸೆಂಟನ್ನು ದೂರದಿಂದ ಹೊಡೆದರೆ ತಡೆದುಕೊಳ್ಳುತ್ತವೆ. ಉಣ್ಣೆಯಂತೂ ಪರಿಮಳವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರಿಗೆ ಎಣ್ಣೆ ಎಂದರೆ ಪ್ರೀತಿ, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ, ಒಗೆದರೂ ಹಳೆಯ ವಾಸನೆ ಉಳಿಯುತ್ತದೆ. ರೇಷ್ಮೆ, ಸ್ಯಾಟಿನ್, ವೆಲ್ವೆಟ್, ಶಿಫಾನ್, ಚರ್ಮದ ಜಾಕೆಟ್, ಕೋಟಿನ ಒಳಗೆ ಹಾಕುವ ಅಸಿಟೇಟ್ ಲೈನಿಂಗ್, ಇವುಗಳ ಮೇಲೆ ಎಂದೂ ಬೇಡ. ಕೈಮಗ್ಗದ ಗಾಢ ಕೆಂಪು, ಕಡುನೀಲಿ ಬಟ್ಟೆಗಳಲ್ಲಿ ಬಣ್ಣ ಬಿಡುವ ಸಂಭವ ಹೆಚ್ಚು. ನಿಮ್ಮ ಇಳಕಲ್ ಸೀರೆ ಹೇಗೆ ಎಂದು ತಿಳಿಯಬೇಕಾದರೆ ಬಿಳಿ ಹತ್ತಿಗೆ ಒಂದು ತೊಟ್ಟು ಸೆಂಟು ಹಾಕಿ, ಸೊಂಟದೊಳಗೆ ಸಿಕ್ಕಿಸುವ ಒಳಸೆರಗಿನ ಮೂಲೆಗೆ ಒತ್ತಿ ನೋಡಿ. ಹತ್ತಿಗೆ ಬಣ್ಣ ತಗಲಿದರೆ ಉತ್ತರ ಸಿಕ್ಕಿತು.

ನಮ್ಮ ಹಿರಿಯರು ಬಟ್ಟೆಗೆ ಪರಿಮಳ ಕೊಡುತ್ತಲೇ ಇರಲಿಲ್ಲವೇ? ಕೊಡುತ್ತಿದ್ದರು. ಅದು ದೊಡ್ಡ ವಿದ್ಯೆಯೇ ಆಗಿತ್ತು. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಕೃಷಿ, ಅಡುಗೆ, ವಾಸ್ತುವಿನ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಮೈಗೆ ಪೂಸುವ ಗಂಧಗಳಿಗೆ ಒಂದು ಭಾಗ, ಧೂಪಕ್ಕೆ ಇನ್ನೊಂದು ಭಾಗ ಮೀಸಲಿಡುತ್ತದೆ. ಬಾಣಂತಿ ಮನೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬಿದಿರಿನ ಬುಟ್ಟಿ ಬೋರಲು ಹಾಕಿ, ಮೇಲೆ ಮಗುವಿನ ಬಟ್ಟೆ ಹರಡುತ್ತಿದ್ದದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಟ್ರಂಕಿನಲ್ಲಿ ಲಾವಂಚದ ಬೇರು, ಕೇದಗೆಯ ಎಸಳು, ಕರಾವಳಿ ಮಲೆನಾಡಿನ ಕಡೆ ಒಣಗಿಸಿದ ಸುರಗಿ ಹೂವು. ಸುರಗಿಯ ಗುಣ ನೋಡಿ, ಒಣಗಿದ ಮೇಲೂ ಘಮ ಬಿಡುವುದಿಲ್ಲ. ಕಾಶ್ಮೀರದ ಶಾಲುಗಳು ಯುರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ನುಸಿ ಹೊಡೆಯದಿರಲಿ ಎಂದು ಅವುಗಳ ನಡುವೆ ಪಚೋಲಿ ಎಲೆ ಇಡುತ್ತಿದ್ದರು. ಕೊನೆಗೆ ಅಲ್ಲಿನ ಜನ ಆ ವಾಸನೆ ನೋಡಿಯೇ ಅಸಲಿ ಶಾಲನ್ನು ಗುರುತಿಸತೊಡಗಿದರು. ಈ ಎಲ್ಲದರಲ್ಲೂ ಒಂದು ಸಂಗತಿ ಸಮಾನ. ಬಟ್ಟೆಗೆ ತಾಗುವುದು ಘಮವೇ ಹೊರತು ದ್ರವ ಅಲ್ಲ.

ಅದನ್ನು ನಾವು ಇಂದಿಗೂ ಮಾಡಬಹುದು. ಲಾವಂಚದ ಬೇರು, ಒಣ ಸುರಗಿ, ಒಂದು ಚೂರು ಗಂಧದ ಚಕ್ಕೆ, ನಾಲ್ಕು ಲವಂಗ, ಯಾವುದು ಸಿಕ್ಕಿದರೆ ಅದು. ಬೆಳ್ಳನೆಯ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಬೀರುವಿನ ಮೂಲೆಯಲ್ಲಿಡಿ. ಸೀರೆಗೆ ನೇರವಾಗಿ ತಾಗಿಸಬೇಡಿ, ಗಂಧದ ಚಕ್ಕೆಯೂ ಎಣ್ಣೆ ಬಿಡುತ್ತದೆ, ಕೇದಗೆಯ ಪುಡಿ ಹಳದಿ ಕಲೆ ಮಾಡುತ್ತದೆ. ನುಸಿಗುಳಿಗೆಗೂ ಇದೇ ಮಾತು. ಇನ್ನು ಮಲ್ಲಿಗೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿಯ ಶಂಕರಪುರ ಮಲ್ಲಿಗೆ, ಮೂರೂ ನಮ್ಮಲ್ಲೇ ಇರುವಾಗ ಮದುವೆಗೆ ಸೆಂಟೇ ಬೇಕೆಂದು ನನಗಂತೂ ಅನ್ನಿಸುವುದಿಲ್ಲ. ಹೂವಾಡಗಿತ್ತಿ ನೀರು ಚಿಮುಕಿಸಿ ಕೊಟ್ಟ ದಂಡೆಯನ್ನು ಮಾತ್ರ ಚೆನ್ನಾಗಿ ಕೊಡವಿ, ನೀರಾರಿದ ಮೇಲೆ ಮುಡಿಯಿರಿ. ಬೆನ್ನಿಗಿಳಿಯುವ ನೀರು ರೇಷ್ಮೆ ರವಿಕೆಯ ಮೇಲೆ ಉಂಗುರ ಬಿಡುತ್ತದೆ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮಕ್ಕಳಿಗೂ ಕೈಗೆ, ತಲೆಗೆ ಹಾಕಿ, ಸೀರೆಗೆ ಬೇಡ ಎಂದು ಪ್ರೀತಿಯಿಂದ ಹೇಳಬಹುದು.

ಇಷ್ಟಾದರೂ ಒಮ್ಮೊಮ್ಮೆ ಬಿದ್ದುಬಿಡುತ್ತದೆ. ಬಿದ್ದ ಕೂಡಲೇ ಉಜ್ಜಬೇಡಿ. ಒದ್ದೆ ರೇಷ್ಮೆಯನ್ನು ಉಜ್ಜಿದರೆ ಎಳೆ ಎದ್ದು ಆ ಜಾಗ ಮಸುಕಾಗಿ ಉಳಿಯುತ್ತದೆ. ಒಣ ಬಿಳಿ ಹತ್ತಿ ಬಟ್ಟೆಯನ್ನು ಮೇಲೊಂದು, ಕೆಳಗೊಂದು ಇಟ್ಟು ಮೆಲ್ಲಗೆ ಒತ್ತಿ, ಹೀರಿದಷ್ಟು ಹೀರಲಿ. ಅತ್ತರಾದರೆ ಅದರ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಒಂದು ರಾತ್ರಿ ಬಿಟ್ಟು, ಮೃದುವಾದ ಬ್ರಷ್ಷಿನಿಂದ ಕೊಡವಿ. ಹತ್ತಿ ಅಂಗಿ, ಬನಿಯನ್ ಆದರೆ ಚಿಂತೆಯಿಲ್ಲ. ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಎಂದಿನಂತೆ ಒಗೆಯಿರಿ, ಕಲೆ ಹೋಗಿದೆಯೆಂದು ಖಾತ್ರಿಯಾದ ಮೇಲೇ ಇಸ್ತ್ರಿ. ಜರಿ ಸೀರೆಯ ಮೇಲೆ ನಿಂಬೆಹಣ್ಣು, ವಿನೆಗರ್, ಅಡುಗೆ ಸೋಡಾ ಎಂದು ಕೈಗೆ ಸಿಕ್ಕ ಪ್ರಯೋಗ ಮಾಡಬೇಡಿ. ಅಂಥದ್ದು ಡ್ರೈಕ್ಲೀನಿಂಗಿಗೇ ಹೋಗಲಿ. ಕೊಡುವಾಗ ಕಲೆಯ ಜಾಗಕ್ಕೆ ಬಿಳಿ ದಾರದಿಂದ ಒಂದು ಸಡಿಲ ಹೊಲಿಗೆ ಹಾಕಿ, "ಇದು ಸೆಂಟಿನ ಕಲೆ, ಇಷ್ಟು ದಿನದ ಹಿಂದೆ ಬಿದ್ದದ್ದು" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಬರೀ ಬೆವರೆಂದುಕೊಂಡು ಬಿಸಿ ತಾಗಿಸಿಬಿಡುತ್ತಾರೆ. ಹೇಳಿದರೆ ಮೊದಲು ಆ ಜಾಗಕ್ಕೆ ಬೇಕಾದ ದ್ರಾವಕ ಹಾಕಿ ನೋಡುತ್ತಾರೆ. ಎಷ್ಟು ಬೇಗ ಹೋದರೆ ಅಷ್ಟು ಕಲೆ ಹೋಗುತ್ತದೆ.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ನಿಮ್ಮ ಮನೆಯ ರೇಷ್ಮೆ ಸೀರೆಗಳನ್ನು ಹೊರಗೆ ತೆಗೆಯಿರಿ. ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಯಾಡುವ ಕಡೆ ಹರಡಿ. ಎಡ ಹೆಗಲು, ಸೆರಗಿನ ಜರಿ, ರವಿಕೆಯ ಕಂಕುಳು, ಈ ಮೂರು ಕಡೆ ಬೆಳಕಿಗೆ ಹಿಡಿದು ನೋಡಿ. ಹಳದಿ ಮಚ್ಚೆ ಕಂಡದ್ದನ್ನು ಬೇರೆ ಇಟ್ಟು ಅದೇ ವಾರ ಶುಚಿಗೆ ಕೊಡಿ. ಉಳಿದವನ್ನು ಮೊದಲಿನ ಮಡಿಕೆಗಿಂತ ಬೇರೆ ಮಡಿಕೆಯಲ್ಲಿ ಮಡಿಸಿ, ಪ್ಲಾಸ್ಟಿಕ್ ಚೀಲ ತೆಗೆದುಹಾಕಿ, ತೊಳೆದ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಸೆಂಟಿನ ಬಾಟಲಿಯನ್ನು ಕನ್ನಡಿಯ ಮುಂದಿನಿಂದ ಎತ್ತಿ ಸ್ನಾನದ ಟವೆಲು ತೂಗುಹಾಕುವ ಜಾಗದ ಹತ್ತಿರ, ಬಿಸಿಲು ಬೀಳದ ಕಡೆ ಇಟ್ಟುಬಿಡಿ. ಆಗ ಉಡುವ ಮೊದಲೇ ಅದು ಕೈಗೆ ಸಿಗುತ್ತದೆ.